ಏಕಾದಶಿಯ ಫ್ರಿಜ್ಜು

ವಾದಿರಾಜ ರಜೆಗಳನ್ನೆಲ್ಲ ಸುರಿದು, ತನ್ನ ಕೈಯಾರೆ ತಂತಿ ಬೆಸೆದು, ಇಡೀ ಮನೆಯನ್ನು ಮೊಬೈಲಿನೊಳಗೆ ತಂದಿದ್ದ. ದೀಪ, ಫ್ಯಾನು, ನೀರಿನ ಪಂಪು ಎಲ್ಲ ಮುಗಿದ ಮೇಲೆ ಫ್ರಿಜ್ಜಿನ ಬಾಗಿಲಿಗೂ ಒಂದು ಸೆನ್ಸರ್ ಅಂಟಿಸಿದ. ಅಮ್ಮನಿಗೆ ಹೇಳಲಿಲ್ಲ.

ಏಕಾದಶಿಯ ಮಧ್ಯಾಹ್ನ ಆಫೀಸಿನಲ್ಲಿ ಊಟಕ್ಕೆ ಕೂತವನ ಮೊಬೈಲು ಮಿನುಗಿತು: ಫ್ರಿಜ್ ತೆರೆದಿದೆ. ಸ್ವಲ್ಪ ಹೊತ್ತಿಗೆ ಮತ್ತೆ. ಆಮೇಲೆ ಮತ್ತೆ. ಮನೆಯಲ್ಲಿದ್ದವಳು ಅಮ್ಮ ಒಬ್ಬಳೇ. ನಲವತ್ತು ವರ್ಷದಿಂದ ಆ ದಿನ ಹನಿ ನೀರೂ ಮುಟ್ಟದವಳು. ಹೆತ್ತವಳ ವ್ರತಕ್ಕೆ ಕಾವಲಿಟ್ಟ ಹಾಗಾಯಿತಲ್ಲ ಎಂದುಕೊಂಡು ಅವನು ಅರ್ಧ ಊಟಕ್ಕೇ ಡಬ್ಬಿ ಮುಚ್ಚಿದ.

ಸಂಜೆ ಅವಳ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದ:

"ಅಮ್ಮಾ, ವಯಸ್ಸಾಯ್ತು. ಹಸಿವಾದ್ರೆ ಏನಾದ್ರೂ ತಿನ್ನು. ದೇವರೇನೂ ಬೇಜಾರು ಮಾಡ್ಕೊಳ್ಳಲ್ಲ."

"ನಾನು ತಿಂದೆ ಅಂತ ಯಾರೋ ಹೇಳಿದ್ದು?"

"ಏಳು ಸಲ ಫ್ರಿಜ್ ತೆಗೆದಿದ್ದೀಯ. ನನಗೆ ಮೊಬೈಲಲ್ಲಿ ಗೊತ್ತಾಗತ್ತೆ."

ಅಮ್ಮ ನಕ್ಕುಬಿಟ್ಟಳು. "ಒಂದೊಂದು ಜಪಮಾಲೆ ಮುಗಿದಾಗಲೂ ಫ್ರಿಜ್ ತೆಗೆದು ಮುಂದೆ ನಿಂತು ಬೆವರು ಆರಿಸ್ಕೊಂಡೆ ಕಣೋ. ಅಲ್ಲಾಡದೆ ಜಪಕ್ಕೆ ಕೂತ್ರೆ, ಮನೇಲಿ ಯಾರೂ ಇಲ್ಲ ಅಂತ ನಿನ್ನ ಫ್ಯಾನು ನಿಂತೇಹೋಗತ್ತೆ."