ದೊರೆ ಏನಂದರು?

ಪಂಥ ಕಟ್ಟಿ ಹೇಳುತ್ತೇನೆ, ಕೇಳಿ: ಇಡೀ ಅಸಾಂಟೆ ನಾಡಿನಲ್ಲಿ ಬೊವಾಡಿಯಂಥ ನಾಲಿಗೆ ಇನ್ನೊಂದಿಲ್ಲ. ಇದೆ ಅನ್ನುವವರು ಕರೆದುಕೊಂಡು ಬನ್ನಿ. ಇಂಟರ್‌ವಲ್‌ಗೆ ಮುಂಚೆಯೇ ಮಣ್ಣು ಮುಕ್ಕಿಸಿ ಕಳಿಸುತ್ತಾನೆ.

ಸದ್ಯಕ್ಕೆ ಅವನು ಅಕ್ರಾದ ಆಸ್ಪತ್ರೆಯೊಂದರಲ್ಲಿ, ಚಿನ್ನದ ತಗಡು ಹೊದಿಸಿದ ತನ್ನ ಪದವಿಯ ಕೋಲು ಹಿಡಿದು, ಡಾಕ್ಟರನ್ನು ಸತಾಯಿಸುತ್ತ ನಿಂತಿದ್ದ.

"ಇವತ್ತು ಯಾವ ವಾರ?" ಡಾಕ್ಟರ್ ಲಾರ್ಟೆ ಹಾಸಿಗೆಯಲ್ಲಿದ್ದ ಮುದುಕರನ್ನು ಕೇಳಿದರು.

ಬೊವಾಡಿ ಬಗ್ಗಿ ಮುದುಕರ ಬಾಯಿಗೆ ಕಿವಿ ಇಟ್ಟ. ಎದ್ದ. ಎದೆ ಉಬ್ಬಿಸಿದ. "ಅಸೂಬೋನಿಯ ದೊರೆಗಳು ಅಪ್ಪಣೆ ಕೊಡಿಸ್ತಾರೆ: ಸಿಂಹ ಎದ್ದ ದಿನವೇ ವಾರದ ಮೊದಲ ದಿನ! ಕ್ಯಾಲೆಂಡರ್ ನೋಡ್ಕೊಂಡು ಬೇಟೆಗೆ ಹೋಗೋದು ನರಿ!"

"ಏಯ್, ನಾನು ನಿನ್ನ ಕೇಳ್ಲಿಲ್ಲ ಮಾರಾಯ."

"ನಮ್ಮ ದೊರೆ ಯಾರ ಹತ್ರಾನೂ ನೇರ ಮಾತಾಡಲ್ಲ ಡಾಕ್ಟ್ರೇ. ನನ್ನ ಕಿವಿಗೆ ಹೇಳ್ತಾರೆ, ನಾನು ಊರಿಗೆ ಹೇಳ್ತೀನಿ. ತಾತ ಮುತ್ತಾತರಿಂದ ಹೀಗೇ. ನಿಮ್ಮ ಪರೀಕ್ಷೆಗೋಸ್ಕರ ಬದಲಾಯ್ಸಕ್ಕಾಗತ್ತಾ?"

ಡಾಕ್ಟರು ಹಣೆ ಚಚ್ಚಿಕೊಂಡು ಹೊರಟುಹೋದರು. ಮೂಲೆಯಲ್ಲಿದ್ದ ದುಫಿಯೆ ಬಾಗಿಲು ಮುಚ್ಚಿದಳು. ಅದೇ ಆಸ್ಪತ್ರೆಯ ನರ್ಸು. ದೊರೆಯ ಒಬ್ಬಳೇ ಮಗಳು.

"ಅಪ್ಪ ಏನೂ ಅನ್ಲಿಲ್ಲ, ಅಲ್ವಾ?"

ಬೊವಾಡಿಯ ಎದೆ ಇಳಿಯಿತು. "ಹತ್ತು ತಿಂಗಳಿಂದ ಏನೂ ಅಂದಿಲ್ಲ ಅಕ್ಕ. ಬರೀ 'ಆ... ಆ...' ಅಷ್ಟೇ."

ಪಾರ್ಶ್ವವಾಯು ದೊರೆಯ ಬಲಗೈಯನ್ನೂ ಮಾತನ್ನೂ ಒಂದೇ ಏಟಿಗೆ ಕಿತ್ತುಕೊಂಡಿತ್ತು. ಮೈಯಲ್ಲಿ ಊನವಿದ್ದವನು ಪೀಠದ ಮೇಲೆ ಕೂರುವಂತಿಲ್ಲ. ಹಾಗಾಗಿ ಬೊವಾಡಿ ಆ ಕೈಯನ್ನು ಕೆಂಟೆ ಬಟ್ಟೆಯಲ್ಲಿ ಮುಚ್ಚಿ, ದೊರೆಯನ್ನು ದೊಡ್ಡ ಛತ್ರಿಯ ಕೆಳಗೆ ಕೂರಿಸಿ, ಪ್ರತಿ ಸಭೆಯಲ್ಲೂ ಕಿವಿಯೊಡ್ಡಿ, ತೀರ್ಪುಗಳನ್ನು ತಾನೇ ಹೆಣೆದು ಹೇಳಿದ. ಅರ್ಧ ಗಾದೆ, ಅರ್ಧ ಕುಮಾಸಿಯ ಸಿನಿಮಾ. ವಯಸ್ಸಾದ ಮೇಲೆ ದೊರೆಗೆ ಬುದ್ಧಿ ಬಂತು ಎಂದು ಊರು ಹೊಗಳಿತು.

ಲಾರ್ಟೆ ನಡೆಸುತ್ತಿದ್ದ ಹೊಸ ಚಿಕಿತ್ಸೆಯ ಪ್ರಯೋಗದಲ್ಲಿ ದುಫಿಯೆಯೇ ಅಪ್ಪನಿಗೆ ಜಾಗ ಹಿಡಿದಿದ್ದಳು. ರೋಗಿಯ ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಲ್ಲಿರುವ ಕಾಂಡಕೋಶಗಳನ್ನು, ಅಂದರೆ ಸ್ಟೆಮ್ ಸೆಲ್‌ಗಳನ್ನು, ಬೆಳೆಸಿ, ಮತ್ತೆ ಅವರದೇ ರಕ್ತಕ್ಕೆ ಬಿಡುವುದು. "ಮಿದುಳಲ್ಲಿ ಸತ್ತ ಜಾಗ ಮತ್ತೆ ಹುಟ್ಟಲ್ಲ. ಅದರ ಪಕ್ಕದಲ್ಲಿ ಮಲಗಿರೋವು ಎದ್ದರೂ ಏಳಬಹುದು. ಭರವಸೆ ಕೊಡಲ್ಲ," ಎಂದಿದ್ದರು ಲಾರ್ಟೆ. ದೊರೆ ಒಪ್ಪಿದ್ದಾರೆಂದು ಸಾರಿದವನು ಬೊವಾಡಿ.

"ಬೊವಾಡಿ, ನಾಳೆ ಕೋಶಗಳನ್ನ ಬಿಡ್ತಾರೆ," ಎಂದಳು ದುಫಿಯೆ. "ನಂಗೆ ಕೈ ಬೇಡ, ಕಾಲು ಬೇಡ. ಒಂದು ಮಾತು ಬೇಕು."

ಯಾವ ಮಾತೆಂದು ಊರಿಗೆಲ್ಲ ಗೊತ್ತಿತ್ತು. ಏಳು ವರ್ಷದ ಹಿಂದೆ ಅಪ್ಪ ಬೇಡವೆಂದರೂ ಕೇಳದೆ ಅವಳು ತಾಯಿಯನ್ನು ಇದೇ ಆಸ್ಪತ್ರೆಗೆ ಆಪರೇಷನ್ನಿಗೆ ಕರೆತಂದಿದ್ದಳು. ತಾಯಿ ಮೇಜಿನಿಂದ ಏಳಲಿಲ್ಲ. ಅಂದಿನಿಂದ ದೊರೆಯ ಬಾಯಲ್ಲಿ ಮಗಳ ಹೆಸರಿಲ್ಲ.

"ಕ್ಷಮಿಸಿದೀನಿ ಅಂತಾರೋ, ಇಲ್ಲ ಅಂತಾರೋ, ಅವರಂದಷ್ಟೇ ಹೇಳು. ನಿನ್ನ ಸಿಂಹ, ನರಿ ಎಲ್ಲಾ ಊರಲ್ಲಿಟ್ಕೊ. ಕೋಲು ಮುಟ್ಟಿ ಆಣೆ ಇಡು."

ಅವನು ಮುಟ್ಟಿದ. ದೊರೆಯ ಮಾತಿಗೆ ಒಡವೆ ತೊಡಿಸಬಹುದು. ಮಾತನ್ನೇ ಬದಲಿಸಿದವನ ಕೋಲು ಕಿತ್ತುಕೊಂಡು ಊರಾಚೆ ಅಟ್ಟುತ್ತಾರೆ.

ಕೋಶ ಬಿಟ್ಟ ಮೂರನೇ ವಾರ ಬಲಗೈಯ ಒಂದು ಬೆರಳು ಅಲುಗಿತು. ದುಫಿಯೆ ದಿನಾ ಪಾಳಿ ಮುಗಿಸಿ ಬಂದು ಚಮಚದಲ್ಲಿ ಸೂಪು ಹಿಡಿಯುವಳು. ದೊರೆ ಮುಖ ಗೋಡೆಗೆ ತಿರುಗಿಸುವರು. "ಬಿಸಿ ಇರ್ಬೇಕು," ಎಂದು ಅವಳು ಊದುತ್ತ ಕೂರುವಳು.

"ಖಾರ ಜಾಸ್ತಿ ಅಕ್ಕ. ಆಸ್ಪತ್ರೆ ಸೂಪಿಗೆ ವಿಲನ್ ಕೂಡ ಶರಣಾಗ್ತಾನೆ," ಎಂದು ಬೊವಾಡಿ ನಗಿಸಲು ನೋಡುವನು.

ಹನ್ನೊಂದನೇ ವಾರ. ಅವಳು ಚಮಚ ಎತ್ತಿದ್ದೇ ತಡ, ದೊರೆಯ ಎಡಗೈ ಬೊವಾಡಿಯ ಕೊರಳಪಟ್ಟಿ ಹಿಡಿದು ಎಳೆಯಿತು. ತುಟಿ ಅಲುಗಿತು.

ಬೊವಾಡಿ ತುಂಬ ಹೊತ್ತು ಬಗ್ಗಿಯೇ ಇದ್ದ. ಎದ್ದಾಗ ಎದೆ ಉಬ್ಬಿಸಲಿಲ್ಲ.

"ಏನಂದ್ರು?"

"ಸರಿಯಾಗಿ... ತೊದಲ್ತಾರೆ ಅಕ್ಕ."

"ಹೇಳೋ!"

"'ಮಗಳೇ, ಊಟ ಮಾಡಿದ್ಯಾ?' ಅಷ್ಟೇ ಅಂದಿದ್ದು."

ಅವಳು ಅವನ ಮುಖವನ್ನೇ ನೋಡಿದಳು. ಸಿಂಹವಿಲ್ಲ, ಬೇಟೆಯಿಲ್ಲ. ಅಷ್ಟು ಬೋಳು ಮಾತನ್ನು ಬೊವಾಡಿ ಹುಟ್ಟಿದಾಗಿನಿಂದ ಆಡಿರಲಿಲ್ಲ. ಅದಕ್ಕೇ ನಂಬಿದಳು. ಬಟ್ಟಲು ಕೆಳಗಿಟ್ಟು ಅಪ್ಪನ ಮೊಣಕಾಲಿಗೆ ಹಣೆ ಹಚ್ಚಿದಳು. ಮುದುಕರ ಕಣ್ಣಿಂದ ನೀರು ಇಳಿಯಿತು.

"ನೋಡೋ, ಅಪ್ಪಾನೂ ಅಳ್ತಿದಾರೆ!" ಎಂದು ಅವಳು ಬಿಕ್ಕುತ್ತಲೇ ನಕ್ಕಳು.

ಮರುದಿನ ಲಾರ್ಟೆ ಬಂದು ಮತ್ತೆ ವಾರ ಕೇಳಿದರು. ದೊರೆ ಬೊವಾಡಿಯನ್ನು ಒಮ್ಮೆ ನೋಡಿ ತುಟಿ ಬಿಗಿದರು. ಆಮೇಲೆ ಆ ಬಾಯಿಂದ 'ಆ' ಎಂಬ ಸದ್ದೂ ಬರಲಿಲ್ಲ. ಅಂದೂ ಇಲ್ಲ, ಮಳೆಗಾಲಕ್ಕೆ ಮುಂಚೆ ಅವರು ತೀರಿಕೊಳ್ಳುವವರೆಗೂ ಇಲ್ಲ. ಫೈಲಿನಲ್ಲಿ ಡಾಕ್ಟರು ಬರೆದರು: ಮಾತು ಮರಳಲಿಲ್ಲ.

"ಬರ್ಕೊಳ್ಲಿ ಬಿಡು," ಎಂದಳು ದುಫಿಯೆ. "ನಂಗೆ ಆ ಒಂದು ಮಾತು ಸಾಕು."

ಇನ್ನು ಮುಚ್ಚಿಟ್ಟು ಫಲವಿಲ್ಲ, ಒಪ್ಪಿಕೊಂಡುಬಿಡುತ್ತೇನೆ. ಚಿಕಿತ್ಸೆ ಫಲಿಸಿತ್ತು. ಅವತ್ತು ದೊರೆ ಒಂದಕ್ಷರವೂ ತೊದಲದೆ ಬೊವಾಡಿಯ ಕಿವಿಯಲ್ಲಿ ಅಂದದ್ದು ಇದು: "ನನ್ನ ಹೆಂಡತೀನ ಕೊಂದವಳ ಕೈತುತ್ತು ನಂಗೆ ಬೇಡ. ಆಚೆ ಕಳಿಸು ಇವಳನ್ನ."