ಮೇಟಿ ಕುಣಿಗೆ ಬಿದ್ದ ಚೆಂಡು

ಚೆಂಡು ಈ ಸಲ ಮಜ್ಜಿಗೆ ಗಡಿಗೆಯಲ್ಲೇ ಬಿತ್ತು. ಮಹಾಂತಮ್ಮ ಕಡಗೋಲು ಹಿಡಿದುಕೊಂಡೇ ಹಿತ್ತಲಿಗೆ ಬಂದಳು.

"ಏನ್ರಿ, ಇದು ಆಟೋ, ನನ್ನ ಅಡಗಿಮನಿಮ್ಯಾಗ ದಾಳಿಯೋ?"

"ಜರಾ ಎತ್ತರ ಹೋತು ನೋಡು" ಎಂದ ಗಂಡ ತಾಯಪ್ಪ, ಏನೂ ಆಗದವನಂತೆ.

"ಎತ್ತಬ್ಯಾಡಪ್ಪಾ ಅಂತ ಎಷ್ಟು ಸಲ ಹೇಳ್ಲಿ?" ಮಗಳು ಅಖಿಲಾ ಫೋನಿನ ವಿಡಿಯೋ ನಿಲ್ಲಿಸಿದಳು. "ಮಣಿಕಟ್ಟು ತಿರುವಬ್ಯಾಡ. ಕೈ ಸಡಿಲ ಬಿಡು. ಚೆಂಡು ಒಂದೀಟು ಜಿಗೀಬೇಕು, ಆಮ್ಯಾಲ ತಾನಾ ಉಳ್ಳಿಕೋತ ಹೋಗಬೇಕು. ಅದಕ್ಕ ಚಿಪ್ ಅಂತಾರ."

ನಾಲಿಗೆಗೆ ಎಲುಬಿಲ್ಲದ್ದಕ್ಕೆ ಬಂದ ಪೀಡೆ ಇದು. ಅಖಿಲಾಳಿಗೆ ಮಾವನಾಗಬೇಕಾದ ಬಸವಪ್ರಸಾದರು ಗದ್ವಾಲದವರು, ನಿವೃತ್ತ ಇಂಜಿನಿಯರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿ ತಿಂಗಳುಗಳೇ ಕಳೆದಿದ್ದವು. ಮದುವೆಯ ದಿನ ಗೊತ್ತು ಮಾಡುವುದೊಂದೇ ಬಾಕಿ. ಆ ಮಾತು ತೆಗೆದಾಗಲೆಲ್ಲ ಬಸವಪ್ರಸಾದರು ಹೈದರಾಬಾದಿನಲ್ಲಿ ತಾವು ಆಡುವ ಗಾಲ್ಫಿನ ಕಡೆ ಹೊರಳುತ್ತಿದ್ದರು. ಆ ಪುರಾಣ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿ, "ದಿನದ ಮಾತು ಮುಂದ ನೋಡೂಣು" ಎಂದು ಎದ್ದುಬಿಡುತ್ತಿದ್ದರು. ಹೋದ ಸಲವಂತೂ, "ಮಕ್ತಲ್‌ದಾಗ ಶೇಂಗಾ ಯಾಪಾರ ಮಾಡೋರಿಗೆ ಇದೆಲ್ಲಾ ಎಲ್ಲಿ ತಿಳೀತೈತಿ ಬಿಡ್ರಿ" ಅಂದರು. ತಾಯಪ್ಪನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. "ನಾನೂ ಆಡ್ತೀನ್ರಿ" ಅಂದುಬಿಟ್ಟ. "ಹೌದಾ? ಹಂಗಾರ ಬರೂ ಐತವಾರ ನಿಮ್ಮನಿಗೇ ಬರ್ತೀವಿ" ಅಂದರು ಬೀಗರು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು!

ಆನ್‌ಲೈನಿನಲ್ಲಿ ಒಂದು ಗಾಲ್ಫ್ ಕೋಲು ಬಂತು. ಮೈದಾನಕ್ಕೆ ಹಿತ್ತಲ ಕಣವೇ ಗತಿ. ಮಷಿನ್ ಬಂದ ಮೇಲೆ ಅಲ್ಲಿ ರಾಶಿ ಮಾಡುವವರಿಲ್ಲ. ಆದರೂ ನಡುವೆ, ಎತ್ತು ಕಟ್ಟಿ ತಿರುಗಿಸಲು ಮೇಟಿ ಕಂಬ ನೆಡುತ್ತಿದ್ದ ಕುಣಿ ಹಾಗೇ ಇತ್ತು. ಅದರಲ್ಲಿ ತಾಯಪ್ಪ ಒಂದು ತಾಮ್ರದ ತಂಬಿಗೆ ಹೂತ. ಕಣದ ಅಂಚಿನ ಹುಲ್ಲಿನಿಂದ ಹೊಡೆದು ಚೆಂಡನ್ನು ಆ ತಂಬಿಗೆಗೆ ಇಳಿಸಬೇಕು. ಅದೋ, ತಂಬಿಗೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಬೀಳುತ್ತಿತ್ತು.

ಶನಿವಾರ ಸಂಜೆ ಮಹಾಂತಮ್ಮ ಬೀಗರು ಬರುತ್ತಾರೆಂದು ಕಣವನ್ನು ಸಗಣಿ ಹಾಕಿ ಕನ್ನಡಿಯ ಹಾಗೆ ಸಾರಿಸಿದಳು. ಕೈ ತೊಳೆಯುತ್ತ ಗಂಡನಿಗೆ ತಾಕೀತು ಮಾಡಿದಳು:

"ನಾವು ಹೆಣ್ಣಿನ ಕಡ್ಯಾರು, ನೆನಪಿರ್ಲಿ. ನಾಳೆ ಸೋಲ್ರಿ. ಅವರ ಮಾರಿ ಸಣ್ಣದಾತಂದ್ರ ದಿನ ಅಷ್ಟೇ ಅಲ್ಲ, ಸಂಬಂಧನೇ ಹೋಗ್ತೈತಿ. ಹುಡುಗಿ ಆ ಹುಡುಗನ್ನ ಬಿಟ್ಟು ಇನ್ನೊಬ್ಬನ್ನ ನೋಡಂಗಿಲ್ಲ."

"ಗೆಲ್ಲೂದು ಎಲ್ಲೀದು? ಇಷ್ಟು ದಿನದಾಗ ಒಂದರ ಬಿದ್ದೈತೇನು?"

"ಮಜ್ಜಿಗಿ ಗಡಿಗ್ಯಾಗ ಬಿತ್ತಲ್ಲ."

ಐತವಾರ ಬಸವಪ್ರಸಾದರು ಕಾರಿನ ಬಾಗಿಲು ತೆಗೆಯುವಾಗಲೇ ಬಾಯಿಯನ್ನೂ ತೆಗೆದರು. ಟೋಪಿ ಯಾಕೆ, ಕೈಗವಸು ಯಾಕೆ, ಬಿಳಿ ಬೂಟಿನ ತಳಕ್ಕೆ ಮುಳ್ಳು ಯಾಕೆ, ಎಲ್ಲ ಹೇಳಿದರು. ಹಿಂದೆ ಅವರ ಹೆಂಡತಿ ಗಂಗಾಂಬಿಕಾ ಕುಂಕುಮದ ಬಟ್ಟಲು, ಪಂಚಾಂಗ ಇದ್ದ ಚೀಲ ಹಿಡಿದು ಮಾತಿಲ್ಲದೆ ಬಂದರು. ಮಾತಾಡಲು ಅವರಿಗೆ ಸಂದಿ ಎಲ್ಲಿತ್ತು, ಪಾಪ!

"ಬೀಗರ, ಕಣದಾಗ ಕಾಲ್ಮರಿ ಹಾಕಂಗಿಲ್ರಿ" ಎಂದಳು ಮಹಾಂತಮ್ಮ.

ಬಿಳಿ ಬೂಟು ಬಾಗಿಲಲ್ಲೇ ಉಳಿಯಿತು. ಅಂಚಿನ ಹುಲ್ಲಿನಲ್ಲಿ ಬರಿಗಾಲಿಗೆ ಒಂದು ನೆಗ್ಗಿಲುಮುಳ್ಳು ಚುಚ್ಚಿತು. ಆ ಮುಳ್ಳು ಕೀಳುವಾಗಲೂ ಬೀಗರು ಮಾತು ನಿಲ್ಲಿಸಲಿಲ್ಲ. ಆಮೇಲೆ ಹೊಡೆದರು. ಚೆಂಡು ಚೆಂದಾಗಿ ಜಿಗಿದು, ಉರುಳಿ, ತಂಬಿಗೆಗೆ ಒಂದು ಗೇಣು ದೂರದಲ್ಲಿ ನಿಂತಿತು.

"ಚೂಡಂಡಿ, ನೋಡ್ರಿ! ಕಂಟ್ರೋಲ್ ಅಂದ್ರ ಇದು. ಹೈದರಾಬಾದ್‌ನಾಗ ನನ್ನ ದೋಸ್ತರೆಲ್ಲಾ ಹೇಳ್ತಾರ, ಪ್ರಸಾದ್, ನಿನ್ನ ಚಿಪ್ಪಿಗೆ ಜೋಡಿಲ್ಲ ಅಂತ. ಬರ್ರಿ, ನಿಮ್ದು ನೋಡೂಣು. ಹಂಗ ನಿಂದ್ರಬ್ಯಾಡ್ರಿ, ಹಿಂಗ ನಿಂದರ್ರಿ. ಕೋಲು ಹಂಗ ಹಿಡೀಬ್ಯಾಡ್ರಿ..."

ತಾಯಪ್ಪ ಹೆಂಡತಿಯ ಕಡೆ ನೋಡಿದ. ಅವಳ ಕಣ್ಣು 'ಸೋಲ್ರಿ' ಎನ್ನುತ್ತಿತ್ತು. ಸೋಲುವುದಕ್ಕೇನು ಮಹಾ? ಅವನು ಚೆಂಡನ್ನು ಎತ್ತಲು ಹೋಗಲಿಲ್ಲ, ಮಣಿಕಟ್ಟು ತಿರುವಲಿಲ್ಲ. ಅರ್ಧ ದಾರಿಯಲ್ಲಿ ನಿಂತರೆ ಸಾಕೆಂದು ಕೈ ಸಡಿಲ ಬಿಟ್ಟು, ಕೋಲನ್ನು ಸುಮ್ಮನೆ ತಾಗಿಸಿದ. ಚೆಂಡು ಒಂದೀಟು ಜಿಗಿಯಿತು. ಆಮೇಲೆ ತಾನಾಗಿ ಉರುಳತೊಡಗಿತು.

"ನಿಂದ್ರು... ನಿಂದ್ರೋ ನಮ್ಮಪ್ಪಾ" ಎಂದು ತಾಯಪ್ಪ ಬಾಗಿ ಬೇಡಿಕೊಂಡ.

ಮಹಾಂತಮ್ಮ ಅಷ್ಟು ನುಣ್ಣಗೆ ಸಾರಿಸಿದ ಕಣದಲ್ಲಿ ಅದು ಎಲ್ಲಿ ನಿಂತೀತು? ಬೀಗರ ಚೆಂಡನ್ನು ದಾಟಿಕೊಂಡು ಹೋಗಿ ತಂಬಿಗೆಯೊಳಗೆ ಟಣ್ ಎಂದಿತು.

ಅಖಿಲಾ ಚಪ್ಪಾಳೆ ತಟ್ಟಲು ಎತ್ತಿದ ಕೈಗಳನ್ನು ಮೆಲ್ಲಗೆ ಇಳಿಸಿದಳು. ಮಹಾಂತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಸವಪ್ರಸಾದರು ತಂಬಿಗೆಯನ್ನೇ ನೋಡುತ್ತ ಹೊರಸಿನ ಮೇಲೆ ಕುಸಿದರು. ಬಾಯಿ ತೆರೆದೇ ಇತ್ತು. ಆದರೆ ಅದರಿಂದ ಏನೂ ಬರಲಿಲ್ಲ.

"ತಪ್ಪಾತ್ರಿ ಬೀಗರ... ಅದು ತಾನಾ ಹೋತ್ರಿ" ಎಂದ ತಾಯಪ್ಪ ಕೈ ಮುಗಿದು. ಮಗಳ ಬಾಳನ್ನು ತನ್ನ ಕೈಯಾರೆ ಕುಣಿಗೆ ಹಾಕಿದೆನಲ್ಲ ಎಂದುಕೊಂಡ.

ಗಂಗಾಂಬಿಕಾ ಗಂಡನ ಮುಖವನ್ನೊಮ್ಮೆ ಬಗ್ಗಿ ನೋಡಿದರು. ಸರಕ್ಕನೆ ಚೀಲದಿಂದ ಪಂಚಾಂಗ ತೆಗೆದು ಮಹಾಂತಮ್ಮನ ಪಕ್ಕ ಬಂದು ಕುಳಿತರು.

"ಅಕ್ಕಾರ, ಲಗೂನ ದಿನ ನೋಡ್ರಿ. ಮತ್ತ ಇವರ ಬಾಯಿಗೆ ಮಾತು ಬರೂದ್ರಾಗ ಮದುವಿ ಗೊತ್ತು ಮಾಡಿಬಿಡೂಣು!"