ಹಗ್ಗ ಖಾಲಿಯಾದ ಭಾನುವಾರ

"ಅಳಿಸಿಬಿಟ್ಯಾ? ಎಲ್ಲಾ ಗಲ್ಲಿಗಳನ್ನೂ?" ಆಂಬುಲೆನ್ಸ್ ಚಾಲಕ ಹೆಂಡತಿಯ ಲ್ಯಾಪ್‌ಟಾಪಿಗೆ ಮುಖ ತೂರಿಸಿದ. ನಿನ್ನೆಯವರೆಗೆ ಗೆರೆಗಳಿಂದ ತುಂಬಿದ್ದ ಅವರ ಬಡಾವಣೆ ಮ್ಯಾಪಿನಲ್ಲಿ ಈಗ ಬಟ್ಟಬಯಲು.

"ಯಾವುದೋ ಕಂಪನಿಯವರ ಉಪಗ್ರಹ ಚಿತ್ರ ನೋಡ್ಕೊಂಡು ಬರೆದಿದ್ದೆ. ಅದನ್ನ ನೋಡಬಹುದಂತೆ, ನಕಲು ಮಾಡೋ ಹಾಗಿಲ್ವಂತೆ. ಮ್ಯಾಪ್ ಬರೆಯೋ ನಮ್ಮ ಗುಂಪಿನವರು ಹೇಳಿದ್ಮೇಲೆ ಷರತ್ತು ಓದಿದೆ."

"ಗಲ್ಲಿ ನಮ್ಮದು ಕಣೇ!"

"ಗಲ್ಲಿ ನಮ್ಮದು, ಚಿತ್ರ ಅವರದು. ಇದು ಎಲ್ಲರೂ ಸೇರಿ ಬರೆಯೋ ಮ್ಯಾಪು. ನಾನು ಕದ್ದು ತಂದು ಹಾಕಿದ್ರೆ ಎಲ್ಲರ ಕೆಲಸಕ್ಕೂ ಕುತ್ತು."

ಅವನ ಸಿಟ್ಟಿಗೂ ಕಾರಣವಿತ್ತು. ಆಸ್ಪತ್ರೆಯ ಗಾಡಿಗಳು ಓಡುವುದು ಇದೇ ಮ್ಯಾಪ್ ನಂಬಿ. ಗಲ್ಲಿಗಳು ಇನ್ನೂ ಮ್ಯಾಪಿಗೆ ಏರದಿದ್ದ ಕಳೆದ ತಿಂಗಳು, ಅವನ ರಜೆಯ ದಿನ ಬಂದ ಹೊಸ ಚಾಲಕ ದಾರಿ ಸಿಗದೆ ಒದ್ದಾಡಿದ್ದ. ಕೊನೆಗೆ ಬಸುರಿಯೊಬ್ಬಳನ್ನು ಜನರೇ ಕುರ್ಚಿಯಲ್ಲಿ ಕೂರಿಸಿ ಮುಖ್ಯರಸ್ತೆಗೆ ಹೊತ್ತು ತಂದಿದ್ದರು. ಈಗ ಕೊನೆಯ ಗಲ್ಲಿಯ ಬಡಗಿಯ ಹೆಂಡತಿಗೆ ದಿನ ತುಂಬುತ್ತಿತ್ತು.

"ನನ್ನ ಪಾಳಿ ನೋಡ್ಕೊಂಡು ಮಗು ಹುಟ್ಟುತ್ತಾ? ಅನುಮತಿ ಇರೋ ಚಿತ್ರ ಒಂದೂ ಇಲ್ವಾ?"

"ಇದೆ. ಅದರಲ್ಲಿ ಸರಿಯಾಗಿ ನಮ್ಮ ಬಡಾವಣೆ ಮೇಲೇ ಮೋಡ ಕೂತಿದೆ."

"ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ!"

ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ ಅವಳ ಅತ್ತೆ ಕೈ ಒರೆಸುತ್ತ ಹೊರಗೆ ಬಂದರು. "ಎದುರುಮನೆ ಫೋಟೋದವನ ಹತ್ರ ಹಾರೋ ಕ್ಯಾಮೆರಾ ಇದೆಯಲ್ಲ. ಮದುವೆಮನೆ ಮೇಲೆ ಹಾರಿಸೋನು ನಮ್ಮ ಮೇಲೆ ಹಾರಿಸಲ್ವಾ?"

ಫೋಟೋದವನು ಖುಷಿಯಿಂದ ಒಪ್ಪಿದ, ಹಾರಿಸಲು ಪರವಾನಗಿಯನ್ನೂ ತಂದ. ಆದರೆ ಮೇಲಿಂದ ಗಲ್ಲಿ ಕಾಣಬೇಕಲ್ಲ! ಈ ಮಹಡಿಯಿಂದ ಎದುರು ಮಹಡಿಗೆ ಹಗ್ಗ, ಹಗ್ಗದ ತುಂಬ ಬಟ್ಟೆ. ಭಾನುವಾರ ಮಧ್ಯಾಹ್ನದವರೆಗೆ ಯಾರೂ ಹಗ್ಗಕ್ಕೆ ಬಟ್ಟೆ ಹಾಕಬಾರದು ಎಂದು ಅವಳು ಹೇಳಿದಾಗ ಮೊದಲು ಸಿಡುಕಿದ್ದೇ ಅತ್ತೆ. "ಒಳ್ಳೇ ಬಿಸಿಲಲ್ಲಿ ಒಣಗಿಸದೆ ಬಟ್ಟೆನೇನು ಬಾಣಲೆಗೆ ಹಾಕಿ ಹುರೀಲಾ?" ಸೊಸೆ ಬಡಗಿಯ ಹೆಂಡತಿಯ ಮಾತೆತ್ತಿದ್ದೇ ತಡ, ಅವರೇ ಮನೆಮನೆಗೆ ಹೋಗಿ, ಗದರಿಸಿ, ಅಂಗಿ ಚಾದರಗಳನ್ನೆಲ್ಲ ಇಳಿಸಿ ಬಂದರು.

ಚಿತ್ರ ಸೊಗಸಾಗಿ ಬಂತು. "ತಗೊಳ್ಳಿ ಅಕ್ಕಾ, ಎಷ್ಟು ಗೆರೆ ಬೇಕಾದ್ರೂ ಎಳ್ಕೊಳ್ಳಿ" ಎಂದ ಫೋಟೋದವನು.

"ಬಾಯಿಮಾತು ಸಾಲದಪ್ಪ, ಅನುಮತಿ ಬರೆದು ಸಹಿ ಹಾಕು" ಎಂದಳು ಅವಳು.

"ನನ್ನ ಮದುವೆಗೂ ಇಷ್ಟು ಸಹಿ ಹಾಕಿರಲಿಲ್ಲ" ಎನ್ನುತ್ತಲೇ ಹಾಕಿದ. ಅಂದು ಸಂಜೆ ಅವಳು ನೆಮ್ಮದಿಯಿಂದ ಗೆರೆ ಎಳೆದಳು. ಗಂಡ ಪಕ್ಕದಲ್ಲೇ ಕೂತು, ಯಾವ ತಿರುವಿನಲ್ಲಿ ಗಾಡಿ ಹಿಡಿಯುತ್ತದೆ, ಎಲ್ಲಿ ಹಿಡಿಯುವುದಿಲ್ಲ ಎಂದು ಹೇಳಿಕೊಟ್ಟ.

ಕೆಲವು ದಿನ ಕಳೆದವು. ರಜೆಯ ಬೆಳಿಗ್ಗೆ ಅವನು ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಹೊಸ ಚಾಲಕನ ಆಂಬುಲೆನ್ಸ್ ಎದುರಿಗೇ ಹಾದುಹೋಯಿತು. ನಿಲ್ಲಲಿಲ್ಲ, ಯಾರನ್ನೂ ದಾರಿ ಕೇಳಲಿಲ್ಲ, ನೇರ ಕೊನೆಯ ಗಲ್ಲಿಗೆ ತಿರುಗಿತು. ಬಾಯ್ತುಂಬ ನೊರೆಯಿಟ್ಟುಕೊಂಡೇ ಅವನು ಹೆಂಡತಿಯನ್ನು ಕೂಗಿದ.

ಮುಂದಿನ ವಾರ ಅತ್ತೆ ಸೊಸೆ ಬಡಗಿಯ ಮನೆಗೆ ಮಗುವನ್ನು ನೋಡಲು ಹೋದರು. ಆ ಭಾನುವಾರ ಅತ್ತೆಯೇ ಖಾಲಿ ಮಾಡಿಸಿದ್ದ ಹಗ್ಗದ ಮೇಲೆ ಅಂಗೈಯಗಲದ ಬಟ್ಟೆಗಳು ಸಾಲಾಗಿ ಒಣಗುತ್ತಿದ್ದವು.

"ಇನ್ನೊಂದ್ಸಲ ಕ್ಯಾಮೆರಾ ಹಾರಿಸಿದ್ರೆ ಇವನ್ನ ಮಾತ್ರ ಇಳಿಸೋಕೆ ಬಿಡಲ್ಲ ನಾನು" ಎಂದರು ಅತ್ತೆ. "ಮೇಲಿಂದ ಇವೂ ಕಾಣ್ಲಿ."